ಹಸಿರು ಬಿದ್ದ ಹೆಸರುಗಳು

ಸಿಟ್ಟು ಇಳಿದ ಮೇಲೆ ಬರೆದರಾಯಿತು ಎಂದು ಕಾದೆ. ಇಳಿಯುವ ಲಕ್ಷಣ ಕಾಣಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಓದುವವರು ಸುಧಾರಿಸಿಕೊಳ್ಳಬೇಕು.

ಹೊನ್ನಾವರದ ಹತ್ತಿರ ಹೊಳೆಯ ದಡದ ಮೇಲೆ ಒಂದು ಮೀನು ಸಂಸ್ಕರಣಾ ಘಟಕವಿದೆ. ನಾನು ಅಲ್ಲಿಯ ಸುರಕ್ಷತಾ ಅಧಿಕಾರಿ. ಬಂದರಿನಿಂದ ಬರುವ ಸಿಗಡಿ, ಬೊಂಡಾಸ, ಬಂಗಡೆಯನ್ನು ಹೆಂಗಸರು ಉದ್ದನೆಯ ಹಾಲಿನಲ್ಲಿ ನಿಂತು ಸುಲಿದು, ತೊಳೆದು, ಟ್ರೇಗೆ ತುಂಬುತ್ತಾರೆ. ಟ್ರೇಗಳು ಒಂದು ಕಾರಿಡಾರು ದಾಟಿ ಶೀತಲ ಕೋಣೆ ಸೇರುತ್ತವೆ. ಆ ಕೋಣೆಯನ್ನು ತಣ್ಣಗಿಡುವುದು ಅಮೋನಿಯ. ಪೈಪಿನೊಳಗೆ ಇರುವವರೆಗೆ ಅದರಿಂದ ಯಾರಿಗೂ ತೊಂದರೆ ಇಲ್ಲ. ಹೊರಗೆ ಬಂತೆಂದರೆ ತೇವ ಇರುವ ಜಾಗ ಹುಡುಕಿಕೊಂಡು ಹೋಗುತ್ತದೆ. ಮನುಷ್ಯನ ಮೈಯಲ್ಲಿ ತೇವ ಇರುವ ಜಾಗವೆಂದರೆ ಕಣ್ಣು, ಗಂಟಲು, ಪುಪ್ಪುಸ.

ಶೀತಲ ಕೋಣೆಯೊಳಗೆ ಪೆಟ್ಟಿಗೆ ಜೋಡಿಸುವ ಕೆಲಸ ಮಾವಿನಕುರ್ವೆ ಊರಿನ ಒಬ್ಬರದು. ಎಲ್ಲರೂ ಅವರನ್ನು ಕುರ್ವೆಯಣ್ಣ ಎನ್ನುತ್ತಿದ್ದರು. ದಪ್ಪ ಕೋಟು, ಕಿವಿ ಮುಚ್ಚುವ ಟೊಪ್ಪಿ ಹಾಕಿಕೊಂಡು ಒಳಗೆ ಹೋದರೆಂದರೆ ಫ್ಯಾನಿನ ಅಬ್ಬರದಲ್ಲಿ ಅವರಿಗೆ ಹೊರಗಿನ ಯಾವ ಸದ್ದೂ ಕೇಳದು. ಘಟಕದಲ್ಲಿ ಮುಚ್ಚಿದ ಬಾಗಿಲ ಹಿಂದೆ ಒಂಟಿಯಾಗಿ ಕೆಲಸ ಮಾಡುವವರು ಅವರೊಬ್ಬರೇ. ಹೆಂಡತಿ ಹೊನ್ನಾವರದ ಪೇಟೆಯಲ್ಲಿ ಮೀನು ಮಾರುವವರು. ಮನೆಯಲ್ಲಿದ್ದ ಒಂದೇ ಮೊಬೈಲು ಆ ಹೆಂಡತಿಯ ಸೊಂಟದಲ್ಲಿರುತ್ತಿತ್ತು. ಗಿರಾಕಿಗಳು ಕರೆಯುವುದು ಅದಕ್ಕೇ.

ಮೊಬೈಲಿನ ವಿಷಯ ಇಲ್ಲೇ ಹೇಳಿಬಿಡಬೇಕು. ಮೀನು ಮುಟ್ಟುವ ಜಾಗಕ್ಕೆ ಫೋನು ತರಬಾರದು ಎಂಬುದು ಶುಚಿತ್ವದ ನಿಯಮ. ಅದು ಸರಿಯೇ. ಗೇಟಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು, ಎಲ್ಲರೂ ಫೋನನ್ನು ಅದರೊಳಗೆ ಹಾಕಿ ಒಳಗೆ ಹೋಗಬೇಕು. ಒಂದರ ಮೇಲೊಂದು ಬಿದ್ದು ಗಾಜು ಒಡೆಯುತ್ತಿತ್ತು. ಹೆಂಗಸರು ನಾಲ್ಕು ದಿನ ನೋಡಿದರು, ಆಮೇಲೆ ಫೋನನ್ನು ಮನೆಯಲ್ಲೇ ಬಿಟ್ಟು ಬರತೊಡಗಿದರು. ಅತ್ತೆ, ಮಗಳು, ಗಂಡ, ಯಾರ ಕೈಯಲ್ಲಿ ಇರಬೇಕೋ ಅವರ ಕೈಯಲ್ಲಿ ಅದು ಇರುತ್ತಿತ್ತು.

ಹೀಗಿರುವಾಗ ಮುಖ್ಯ ಕಚೇರಿಯಿಂದ ತುರ್ತು ಸಂದೇಶ ವ್ಯವಸ್ಥೆ ಬಂತು. ಅಪಾಯವಾದಾಗ ಕಂಪ್ರೆಸರ್ ಕೋಣೆಯ ಗೋಡೆಯ ಮೇಲಿನ ಗುಂಡಿ ಒತ್ತಿದರೆ ಎಲ್ಲ ಕೆಲಸಗಾರರ ಮೊಬೈಲಿಗೂ ಒಂದು ಸಂದೇಶ: 'ಅಪಾಯ. ತಕ್ಷಣ ಮುಖ್ಯ ಗೇಟಿಗೆ ಬನ್ನಿ. ಸುರಕ್ಷಿತವಾಗಿದ್ದರೆ 1 ಒತ್ತಿ.' ಆ ಒಂದು ಬಂದ ಕೂಡಲೇ ಮ್ಯಾನೇಜರರ ಮೊಬೈಲಿನಲ್ಲಿ ಕೆಂಪಗಿದ್ದ ಹೆಸರು ಹಸಿರಾಗುತ್ತದೆ. ಎಲ್ಲ ಹಸಿರಾದರೆ ಎಲ್ಲರೂ ಪಾರು. ತೋರಿಸಲು ಬಂದವರು ಪರದೆಯ ಮೇಲೆ ಇದನ್ನೆಲ್ಲ ಬಹಳ ಚೆಂದ ತೋರಿಸಿದರು. ನಾನು ಎದ್ದು ಕೇಳಿದೆ, "ಹಾಲಿನೊಳಗೆ ಫೋನೇ ಇಲ್ಲವಲ್ಲ, ಒಂದು ಒತ್ತುವವರು ಯಾರು?"

"ಮೇಡಂ, ಅದು ಆಡಳಿತದ ವಿಷಯ, ನಾವು ನೋಡಿಕೊಳ್ಳುತ್ತೇವೆ" ಎಂದರು ಮ್ಯಾನೇಜರು.

ಅವರು ನೋಡಿಕೊಂಡ ರೀತಿ ಹೀಗೆ. ಮೊದಲ ಅಭ್ಯಾಸದ ದಿನ ಬೆರಳೆಣಿಕೆಯ ಹೆಸರುಗಳು ಮಾತ್ರ ಹಸಿರಾದವು. ಮ್ಯಾನೇಜರು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಬೈದರು. "ಕಂಪನಿ ನಿಮ್ಮ ಜೀವ ಕಾಯಲಿಕ್ಕೆ ಇಷ್ಟು ಮಾಡುತ್ತದೆ, ನಿಮಗೆ ಒಂದು ಗುಂಡಿ ಒತ್ತಲು ಆಗುವುದಿಲ್ಲವಾ? ಮುಂದಿನ ಸಲ ಯಾರ ಉತ್ತರ ಬರುವುದಿಲ್ಲವೋ ಅವರನ್ನು ಮರುದಿನ ಗೇಟಿನ ಹೊರಗೆ ನಿಲ್ಲಿಸುತ್ತೇನೆ."

ಮುಂದಿನ ಸಲ ಎಲ್ಲ ಹೆಸರೂ ಹಸಿರಾಯಿತು. ಮುಖ್ಯ ಕಚೇರಿ ಒಂದು ಪ್ರಶಸ್ತಿ ಪತ್ರ ಕಳಿಸಿತು. ಮ್ಯಾನೇಜರು ಅದಕ್ಕೆ ಚೌಕಟ್ಟು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದರು.

ಅದು ಹೇಗೆ ಹಸಿರಾಯಿತೆಂದು ನನಗೆ ತಿಳಿದದ್ದು ಊಟದ ಹೊತ್ತಿನಲ್ಲಿ. ಹೆಂಗಸರ ನಡುವೆ ಕೂತು ನಾನೂ ಡಬ್ಬಿ ಬಿಚ್ಚಿದ್ದೆ.

"ನಮ್ಮತ್ತೆಗೆ ಹೇಳಿಟ್ಟಿದ್ದೆ" ಎಂದಳು ಸಾಲಿನ ಮುಂದಾಳು, ಮಾತಿನ ಮಲ್ಲಿ. "ಕಂಪ್ನಿ ಮೆಸೇಜ್ ಬಂದ್ರೆ ಎಂತ ಮಾಡ್ತಿದ್ರೂ ಬಿಟ್ಟು ಒಂದು ಒತ್ತಿ, ಇಲ್ದಿರೆ ನನ್ನ ಗೇಟಿನ ಹೊರಗೆ ನಿಲ್ಸ್ತ್ರು ಅಂತ. ಈಗ ಅದ್ಕೆ ಎಂತ ಆಗ್ಯದೆ ಗೊತ್ತಾ? ಬ್ಯಾಂಕಿಂದ ಬರ್ಲಿ, ಸಿಮ್ಮಿನವ್ರಿಂದ ಬರ್ಲಿ, ಎಲ್ಲದಕ್ಕೂ ಒಂದು!"

"ನಿಮ್ಮತ್ತೆ ಅಡ್ಡಿಲ್ಲ. ನಮ್ಮನೇರು ಬೋಟಿನ ಮೇಲಿಂದ ಒತ್ತೂದು" ಎಂದಳು ಇನ್ನೊಬ್ಬಳು. "ಮೈಲುಗಟ್ಲೆ ಸಮುದ್ರದಾಗೆ ನಿಂತ್ಕಂಡು ನಾನು ಸುರಕ್ಷಿತ ಅಂತ ಹೇಳ್ತ್ರು."

ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತು ಬೀಡಿ ಸೇದುತ್ತಿದ್ದ ಕುರ್ವೆಯಣ್ಣನೂ ನಕ್ಕರು. "ನಮ್ಮನೇಲಿ ಅವ್ಳೇ ಒತ್ತೂದು" ಎಂದರು. "ನಂಗೆ ಆ ಮೆಸೇಜು ಹೆಂಗಿರ್ತದೆ ಅಂತ್ಲೂ ಗೊತ್ತಿಲ್ಲ, ಅಕ್ಕೋರೆ."

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಟೀಚರು. ಓದಿದವಳೆಂದು ನನ್ನನ್ನು ಹಾಗೆ ಕರೆಯುತ್ತಿದ್ದರು. ನಾನು ಡಬ್ಬಿ ಮುಚ್ಚಿದೆ. ಎದ್ದು ಕೈತೊಳೆದು ಸೀದಾ ಮ್ಯಾನೇಜರರ ಕೋಣೆಗೆ ಹೋದೆ. ನಿಮ್ಮ ಹಸಿರು ಬರುತ್ತಿರುವುದು ಮನೆಗಳಿಂದ, ನಾಳೆ ಅನಿಲ ಸೋರಿದರೆ ಒಳಗಿರುವವರು ಸಾಯುತ್ತಿರುವಾಗಲೂ ಪರದೆ ಹಸಿರೇ ಇರುತ್ತದೆ ಎಂದೆ. ಪರಿಹಾರವನ್ನೂ ಹೇಳಿದೆ. ಸೊಂಟಕ್ಕೆ ಸಿಕ್ಕಿಸುವ ಪೇಜರು. ನೀರು ಹೋಗದ ಕವಚದ್ದು, ಸೋಪುನೀರಲ್ಲಿ ತೊಳೆಯಬಹುದು, ಕ್ಯಾಮೆರಾ ಇಲ್ಲ, ಶುಚಿತ್ವದವರು ಬೇಡ ಎನ್ನುವುದಿಲ್ಲ. ಮೊಬೈಲ್ ಟವರ್ ಬೇಕಿಲ್ಲ, ಘಟಕದೊಳಗೇ ಒಂದು ಸಣ್ಣ ಪ್ರಸಾರ ಯಂತ್ರ ಸಾಕು. ಕಿವಿಗೆ ಕೇಳದಿದ್ದರೂ ಮೈಗೆ ನಡುಕ ತಾಗುತ್ತದೆ.

"ಪೇಜರಾ?" ಮ್ಯಾನೇಜರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. "ಯಾವ ಮ್ಯೂಸಿಯಮ್ಮಿನಿಂದ ತರೋಣ ಮೇಡಂ? ಎಲ್ಲರೂ ಮುಂದೆ ಹೋಗುತ್ತಿರುವಾಗ ನೀವು ಹಿಂದೆ ಹೋಗೋಣ ಅನ್ನುತ್ತೀರಿ. ಒಂದು ಡಿಗ್ರಿ ಸಿಕ್ಕ ಕೂಡಲೇ ನಿಮಗೆಲ್ಲ ಇಷ್ಟು ಜೋರು ಬಂದುಬಿಡುತ್ತದೆ ನೋಡಿ."

ನಿಮಗೆಲ್ಲ ಎಂದರೆ ಯಾರು ಎಂದು ಅವರು ಬಿಡಿಸಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನ್ನ ಅವ್ವಿ, ಅಂದರೆ ಅಮ್ಮ, ಕುಮಟೆಯ ಪೇಟೆಯಲ್ಲಿ ಹರಿವೆ, ಬಸಳೆ, ಮೊಗೆಕಾಯಿ ಇಟ್ಟುಕೊಂಡು ಕೂರುವವಳು. ನೆಟ್ಟಿಯ ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಾಡಿದ ಪದವನ್ನೇ ಮತ್ತೆ ಹಾಡದೆ ದಿನ ಕಳೆಯಬಲ್ಲಳು, ಸಹಿ ಮಾಡಲು ಬಾರದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ರಸಾಯನಶಾಸ್ತ್ರದ ಆ ಪದವಿಯನ್ನು ಯಾರೂ ನನಗೆ ಬಳುವಳಿಯಾಗಿ ಕೊಟ್ಟಿಲ್ಲ. ಅದರಲ್ಲಿ ಕಲಿತದ್ದರಿಂದಲೇ ಅಮೋನಿಯ ಎಂಥದೆಂದು ನನಗೆ ಗೊತ್ತು. ಆದರೆ ಆ ದಿನ ನಾನು ಇಷ್ಟನ್ನೇ ಹೇಳಿ ಹೊರಬಂದೆ: "ಜೋರು ಅಲ್ಲ ಸರ್, ಲಿಖಿತವಾಗಿ ಕೊಡುತ್ತೇನೆ." ಕೊಟ್ಟೆ. ಉತ್ತರ ಬರಲಿಲ್ಲ. ಬಂದದ್ದು ಇನ್ನೊಂದು ಆದೇಶ. ಪಕ್ಕದ ರೆಸಾರ್ಟಿನವರು ದೂರಿದ್ದಾರೆ, ಸಂದೇಶ ವ್ಯವಸ್ಥೆ ಇರುವಾಗ ಸೈರನ್ನು ಅನಗತ್ಯ ಎಂದು ಸೈರನ್ನಿನ ತಂತಿ ಬಿಚ್ಚಿಸಿದರು.

ಸೋರಿದ್ದು ಒಂದು ಮಧ್ಯಾಹ್ನ, ಊಟ ಮುಗಿದು ಎಲ್ಲರೂ ಮತ್ತೆ ಕೆಲಸಕ್ಕೆ ನಿಂತ ಮೇಲೆ. ಕಾರಿಡಾರಿನ ಮೇಲ್ಭಾಗದಲ್ಲಿ ಶೀತಲ ಕೋಣೆಗೆ ದ್ರವ ಅಮೋನಿಯ ಒಯ್ಯುವ ಪೈಪಿಗೆ ಒಂದು ಕವಾಟವಿದೆ. ಅದರ ಕತ್ತಿನ ಸುತ್ತ ಇರುವ ಪ್ಯಾಕಿಂಗ್ ಕಿತ್ತುಹೋಯಿತು. ಸದ್ದು ಕುಕ್ಕರಿನ ಸೀಟಿಯಂತೆ ಶುರುವಾಗಿ ನಿಲ್ಲದೆ ಹಾಗೆಯೇ ಮುಂದುವರಿಯಿತು. ಬಿಳಿಯ ಮಂಜು ಕಾರಿಡಾರಿನ ನೆಲಕ್ಕೆ ಇಳಿದು ಹಾಲಿನ ಬಾಗಿಲ ಅಡಿಯಿಂದ ಒಳಗೆ ಹರಿಯಿತು.

ಕಂಪ್ರೆಸರ್ ನಡೆಸುವವರು ಸಂತೆಗುಳಿ ಎಂಬ ಊರಿನವರು, ಅಡಿಕೆ ತೋಟದ ಮನೆಯವರು; ಊರಿನ ಹೆಸರಲ್ಲೇ ಅವರನ್ನು ಕರೆಯುವುದು. ಭಾರೀ ಸಮಾಧಾನದ ಮನುಷ್ಯ. ಅವರು ಮೊದಲು ಯಂತ್ರ ನಿಲ್ಲಿಸಿದರು, ಆಮೇಲೆ ದ್ರವದ ಮುಖ್ಯ ಕವಾಟ ಮುಚ್ಚಿದರು, ಆಮೇಲೆ ಸಂದೇಶದ ಗುಂಡಿ ಒತ್ತಿದರು. ಎಲ್ಲ ಸರಿಯಾದ ಕ್ರಮದಲ್ಲಿ. ಸಂದೇಶ ಹೊರಟಿತು. ಊರೂರಿನ ಮನೆಗಳಲ್ಲಿ, ಪೇಟೆಯಲ್ಲಿ, ಬೋಟುಗಳ ಮೇಲೆ ಫೋನುಗಳು ಕೂಗಿದವು. ನಮ್ಮ ಹಾಲಿನಲ್ಲಿ ಏನೂ ಕೂಗಲಿಲ್ಲ. ಅವರು ದೊಡ್ಡ ಸ್ಪ್ಯಾನರ್ ಹಿಡಿದು ಹೊರಗೋಡೆಯ ಕಬ್ಬಿಣದ ಏಣಿಗೆ ಬಡಿಯುತ್ತ ಓಡಿದರು. ನಾನು ಹಾಲಿನ ಹಿಂಬಾಗಿಲು ತೆರೆದು ಹೆಂಗಸರನ್ನು ಹೊರಗೆಳೆದೆ.

ಹೊರಗೆ ಬಂದವರು ಸಂದೇಶದಲ್ಲಿ ಇದ್ದ ಹಾಗೆ, ಅಭ್ಯಾಸದಲ್ಲಿ ಕಲಿಸಿದ ಹಾಗೆ, ಗೇಟಿನ ಕಡೆ ಓಡಿದರು. ಮಧ್ಯಾಹ್ನದ ಮೇಲೆ ನಮ್ಮಲ್ಲಿ ಗಾಳಿ ಯಾವಾಗಲೂ ಕಡಲಿನಿಂದ. ಘಟಕ ನಡುವೆ, ಗೇಟು ಮೂಡಣಕ್ಕೆ. ಅಂದರೆ ಅನಿಲವೂ ಜನರೂ ಒಂದೇ ಕಡೆ ಹೊರಟಿದ್ದರು. ಅಡ್ಡ ನಿಂತು, ಬಾಯಿಗೆ ಒದ್ದೆ ಬಟ್ಟೆ ಒತ್ತಿಸಿ, ಎಲ್ಲರನ್ನೂ ಬಳಸುದಾರಿಯಲ್ಲಿ ಪಡುವಣಕ್ಕೆ, ಹೊಳೆಯಲ್ಲಿ ದೋಣಿ ಕಟ್ಟುವ ಧಕ್ಕೆಗೆ ಒಯ್ದೆ. ಕೆಲವರು ಅಷ್ಟರಲ್ಲಿ ಗೇಟು ದಾಟಿ ಹೆದ್ದಾರಿಯತ್ತ ಓಡಿದ್ದರು. ಇಬ್ಬರು ವಾಂತಿ ಮಾಡುತ್ತಿದ್ದರು. ಒಬ್ಬಳು ಕಣ್ಣು ತೆರೆಯಲಾರದೆ ಕಿರುಚುತ್ತಿದ್ದಳು. ಅವಳ ಮುಖಕ್ಕೆ ಸಿಹಿನೀರಿನ ಪೈಪು ಹಿಡಿದೆವು.

ಮ್ಯಾನೇಜರು ಧಕ್ಕೆಗೆ ಬಂದರು. ಕೈಯಲ್ಲಿ ಮೊಬೈಲು. ನಾನು ತಲೆ ಎಣಿಸುತ್ತಿದ್ದೆ.

"ಎಣಿಸುವುದು ಬೇಡ ಮೇಡಂ. ನೋಡಿ." ಪರದೆಯನ್ನು ನನ್ನ ಮುಖಕ್ಕೆ ಹಿಡಿದರು. ಹೆಸರಿನ ಕೆಳಗೆ ಹೆಸರು, ಎಲ್ಲ ಹಸಿರು. "ಎಲ್ಲರೂ ಪಾರು. ಅಗ್ನಿಶಾಮಕದವರಿಗೂ ಫೋನ್ ಮಾಡಿ ಹೇಳಿದ್ದೇನೆ, ಅವಸರ ಇಲ್ಲ, ಸೋರಿಕೆ ನಿಂತಿದೆ, ಒಳಗೆ ಯಾರೂ ಇಲ್ಲ ಅಂತ."

"ಕುರ್ವೆಯಣ್ಣ ಎಲ್ಲಿ?"

ಅವರು ಪರದೆ ಜಾರಿಸಿ ಹೆಸರು ಹುಡುಕಿದರು. "ಇಲ್ಲಿದ್ದಾರಲ್ಲ. ಸುರಕ್ಷಿತ. ಮೊದಲು ಉತ್ತರ ಕೊಟ್ಟವರಲ್ಲಿ ಒಬ್ಬರು."

"ಪರದೆಯಲ್ಲಿ ಅಲ್ಲ ಸರ್. ಈ ಧಕ್ಕೆಯ ಮೇಲೆ ಎಲ್ಲಿ?"

"ಹೆದ್ದಾರಿ ಕಡೆ ಹೋಗಿರಬಹುದು. ಮನೆಗೆ ಹೋಗಿರಬಹುದು. ಮನುಷ್ಯ ತಾನೇ ಸುರಕ್ಷಿತ ಅಂತ ಹೇಳುತ್ತಿರುವಾಗ ನಿಮಗೆ ಏನು ತೊಂದರೆ?"

ನಾನು ಕಚೇರಿಯಿಂದ ಜೇಬಿನಲ್ಲೇ ತಂದಿದ್ದ ಫೋನು ತೆಗೆದು ಅದೇ ಹೆಸರಿನ ಮುಂದಿದ್ದ ನಂಬರಿಗೆ ಹಚ್ಚಿದೆ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದೆ. ಪೇಟೆಯ ಗದ್ದಲ ಕೇಳಿತು. ಬಂಗಡೆಯ ದರ ಕೂಗುವ ಸದ್ದು. ಅದರ ನಡುವೆ ಅವರ ಹೆಂಡತಿಯ ದನಿ.

"ಹಾಂ, ಯಾರು?"

"ನಾನು ಅಕ್ಕೋರು. ಈಗೊಂದು ಮೆಸೇಜು ಬಂತಲ್ಲ..."

"ಬಂತು ಬಂತು, ಅಕ್ಕೋರೆ. ಒಂದು ಒತ್ತಿದೆ. ಬಂದ ಕೂಡ್ಲೇ ಒತ್ತಿದೆ. ಮುಟ್ಟಲಿಲ್ವಾ? ಮತ್ತೊಂದ್ಸಲ ಒತ್ತೂದಾ?"

"ಬೇಡ. ಅಣ್ಣ ಎಲ್ಲಿದ್ದಾರೆ?"

"ಎಲ್ಲಿರ್ತ್ರು? ಅಲ್ಲೇ ಅಲ್ವಾ, ನಿಮ್ಮ ಥಂಡಿ ಕೋಣೆಯೊಳಗೆ." ದನಿ ಬದಲಾಯಿತು. "ಎಂತಕ್ಕೆ ಕೇಳ್ತ್ರಿ? ಎಂತ ಆತು?"

ಮ್ಯಾನೇಜರರ ಕೈಯಲ್ಲಿ ಪರದೆ ಇನ್ನೂ ಹಸಿರಾಗಿಯೇ ಹೊಳೆಯುತ್ತಿತ್ತು.

ಶೀತಲ ಕೋಣೆಗೆ ಎರಡು ಬಾಗಿಲು. ಒಂದು ಕಾರಿಡಾರಿಗೆ, ಅಲ್ಲಿ ಅನಿಲ ತುಂಬಿತ್ತು. ಇನ್ನೊಂದು ಧಕ್ಕೆಯ ಕಡೆ, ಲಾರಿಗೆ ಪೆಟ್ಟಿಗೆ ಹೇರುವ ಬಾಗಿಲು. ಅದಕ್ಕೆ ಹೊರಗಿನಿಂದ ಬೀಗ. ಪೆಟ್ಟಿಗೆ ಕಳುವಾಗುತ್ತದೆ ಎಂದು ಹಾಕಿಸಿದ ಬೀಗ. ಒಳಗೆ ಮನುಷ್ಯ ಇರುವಾಗ ಹೊರಗಿನಿಂದ ಬೀಗ ಹಾಕಬಾರದು ಎಂದು ನಾನು ಎಷ್ಟು ಸಲ ಹೇಳಿದ್ದೇನೋ.

"ಬೀಗದ ಕೈ ಕೊಡಿ" ಎಂದೆ.

"ಅಗ್ನಿಶಾಮಕದವರು ಬರಲಿ..."

"ಅವರಿಗೆ ಅವಸರ ಇಲ್ಲ ಅಂತ ನೀವೇ ಹೇಳಿದ್ದೀರಿ. ಕೈ ಕೊಡಿ."

ಕೊಟ್ಟರು. ಅವರ ಪ್ಯಾಂಟಿನ ಜೇಬಿನಲ್ಲೇ ಇತ್ತು.

ಉಸಿರಾಟದ ಸಲಕರಣೆ ನಮ್ಮಲ್ಲಿ ಎರಡು ಜೊತೆ. ಬೆನ್ನಿಗೆ ಗಾಳಿಯ ಸಿಲಿಂಡರು, ಮುಖಕ್ಕೆ ಪೂರ್ತಿ ಮುಚ್ಚುವ ಮುಸುಕು. ಒಬ್ಬರೇ ಒಳಗೆ ಹೋಗಬಾರದು ಎಂಬುದು ಮೊದಲ ಪಾಠ. ನಾನು ಪಟ್ಟಿ ಬಿಗಿಯುತ್ತಿರುವಾಗ ಸಂತೆಗುಳಿಯವರು ಎರಡನೆಯದನ್ನು ಎತ್ತಿಕೊಂಡರು.

"ನಿಂಗ ಒಬ್ರೇ ಹೋಗದು ಬ್ಯಾಡ. ಆನೂ ಬತ್ತೆ."

"ನಿಮಗೆ ಇದು ಸರಿಯಾಗಿ ಕೂರುತ್ತದಾ?"

"ನೀವೇ ಕಲಿಸಿದ್ದು ಅಲ್ದಾ? ಗಡ್ಡ ತೆಗಿ ತೆಗಿ ಅಂತ ಬೈದು ಬೈದು. ಇವತ್ತು ಬೆಳಗ್ಗೆ ತೆಗದ್ದೆ, ಅಡ್ಡಿಲ್ಲೆ."

ಗಡ್ಡವಿದ್ದರೆ ಮುಸುಕು ಮುಖಕ್ಕೆ ಗಟ್ಟಿಯಾಗಿ ಕೂರುವುದಿಲ್ಲ, ಸಂದಿನಲ್ಲಿ ಅನಿಲ ನುಗ್ಗುತ್ತದೆ. ಅಂಗೈಯಿಂದ ಕೊಳವೆ ಮುಚ್ಚಿ ಉಸಿರೆಳೆದು ಇಬ್ಬರ ಮುಸುಕನ್ನೂ ಪರೀಕ್ಷಿಸಿದೆ. ಸಿಲಿಂಡರಿನ ಒತ್ತಡ ನೋಡಿದೆ. ಕ್ರಮ ಬಿಡಲಿಲ್ಲ. ಹೊರಗೆ ಉಳಿದವರಿಗೆ ಬಾಗಿಲ ಮೇಲೆ ನೀರು ಬಲೆಯ ಹಾಗೆ ಹಾರಿಸುತ್ತಿರಲು ಹೇಳಿದೆ. ಅಮೋನಿಯವನ್ನು ನೀರು ಹೀರುತ್ತದೆ.

ಬೀಗ ತೆಗೆದು ಬಾಗಿಲು ಎಳೆದಾಗ ಒಳಗೆ ದೀಪ ಉರಿಯುತ್ತಿತ್ತು. ಟ್ರೇ ಬರುವ ಕಿಂಡಿಯ ರಬ್ಬರ್ ಪರದೆ ಸೀಳಿಕೊಂಡು ಮಂಜು ಒಳಗೆ ಬಂದು ಪೆಟ್ಟಿಗೆಗಳ ನಡುವೆ ಮೊಣಕಾಲಿನವರೆಗೆ ನಿಂತಿತ್ತು. ಕಾರಿಡಾರಿನ ಬಾಗಿಲ ಬಳಿ ಅವರಿರಲಿಲ್ಲ. ಅವರು ಅದನ್ನು ತೆರೆದಿದ್ದರು, ಮುಖಕ್ಕೆ ಅನಿಲ ಬಡಿದಿತ್ತು, ಮತ್ತೆ ಮುಚ್ಚಿ ಹಿಂದೆ ಬಂದಿದ್ದರು. ಇದೆಲ್ಲ ಆಮೇಲೆ ತಿಳಿದದ್ದು. ನಮಗೆ ಸಿಕ್ಕಿದ್ದು ನಾವು ಒಳಗೆ ಬಂದ ಬಾಗಿಲ ಪಕ್ಕದಲ್ಲೇ. ಅವರು ಪೆಟ್ಟಿಗೆಗಳ ಮೇಲೆ ಹತ್ತಿ, ಕೋಟನ್ನು ತಲೆಯ ಮೇಲೆ ಎಳೆದುಕೊಂಡು ಮುದುಡಿದ್ದರು. ಬಾಗಿಲಿನ ಒಳಮೈಯಲ್ಲಿ ಹಿಮ ಕಟ್ಟಿದ ಕಡೆ ಅವರ ಕೈಗವಸು ಬಡಿದ ಗುರುತುಗಳಿದ್ದವು. ಹೊರಗೆ ಬೀಗ ಇದ್ದ ಬಾಗಿಲನ್ನು ಅವರು ಒಳಗಿನಿಂದ ಬಡಿದಿದ್ದರು. ಹೊರಗೆ ನಾವೆಲ್ಲ ನಿಂತಿದ್ದೆವು, ಪರದೆ ನೋಡುತ್ತ.

ಉಸಿರಿತ್ತು. ಹೊತ್ತು ತಂದು ಬಟ್ಟೆ ಬಿಚ್ಚಿ ನೀರು ಹಾಯಿಸಿದೆವು. ಕಣ್ಣಿಗೆ, ಕಣ್ಣಿಗೆ, ಮತ್ತೆ ಕಣ್ಣಿಗೆ. ಅವರು ಮಾತಾಡಲು ನೋಡಿದರು, ಗಂಟಲಿನಿಂದ ಗಾಳಿ ಮಾತ್ರ ಬಂತು.

ಇಲ್ಲಿಯ ಆಸ್ಪತ್ರೆಯಲ್ಲಿ ಪ್ರಥಮ ಚಿಕಿತ್ಸೆ. ದೊಡ್ಡ ಚಿಕಿತ್ಸೆ ಬೇಕೆಂದರೆ ಭಟ್ಕಳವನ್ನೂ ದಾಟಿ, ಜಿಲ್ಲೆಯನ್ನೇ ದಾಟಿ ಹೋಗಬೇಕು. ಅದು ನಮ್ಮ ಹಣೆಬರಹವಲ್ಲ, ಯಾರೋ ಮಾಡದೆ ಬಿಟ್ಟ ಕೆಲಸ. ಆಂಬುಲೆನ್ಸಿನಲ್ಲಿ ನಾನೂ ಅವರ ಹೆಂಡತಿಯೂ ಕೂತಿದ್ದೆವು. ಪೇಟೆಯಿಂದ ಮೀನಿನ ಬುಟ್ಟಿ ಬಿಟ್ಟು ಹಾಗೇ ಬಂದಿದ್ದರು, ಸೆರಗಿಗೆ ಮೀನಿನ ಪೊರೆ ಅಂಟಿತ್ತು. ದಾರಿಯುದ್ದಕ್ಕೂ ಫೋನನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಿದ್ದರು.

"ನಾ ಒತ್ತದೇ ಇದ್ದಿದ್ರೆ ಅವ್ರನ್ನ ಹುಡುಕ್ತಿದ್ರಾ, ಅಕ್ಕೋರೆ?"

ಸುಳ್ಳು ಹೇಳಬಹುದಿತ್ತು. "ಹುಡುಕುತ್ತಿದ್ದರು" ಎಂದೆ. "ಆದರೆ ನಿಮ್ಮಿಂದ ಒತ್ತಿಸಿದವರು ಬೇರೆ."

"ಬೆರಳು ನಂದೇ ಅಲ್ವಾ" ಎಂದರು.

ಕುರ್ವೆಯಣ್ಣ ಉಳಿದರು. ಬಲಗಣ್ಣಿನ ದೃಷ್ಟಿ ಉಳಿಯಲಿಲ್ಲ. ದನಿ ಒಡೆದುಹೋಯಿತು.

ಅವರು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಮ್ಯಾನೇಜರು ನನ್ನನ್ನು ಕರೆದು ತಮ್ಮ ವರದಿ ಓದಿದರು. ಎಚ್ಚರಿಕೆ ಸಂದೇಶ ಎಲ್ಲರಿಗೂ ತಲುಪಿದೆ. ಗಾಯಗೊಂಡ ಕೆಲಸಗಾರ ತಾನು ಸುರಕ್ಷಿತನೆಂದು ಉತ್ತರಿಸಿಯೂ ಒಳಗೇ ಉಳಿದಿದ್ದಾನೆ. ಆತನ ಪರವಾಗಿ ಕುಟುಂಬದವರು ತಪ್ಪು ಮಾಹಿತಿ ನೀಡಿರುವ ಸಾಧ್ಯತೆಯಿದೆ. ಅಂದರೆ ಒಂದೋ ಗಂಡನ ತಪ್ಪು, ಇಲ್ಲ ಹೆಂಡತಿಯದು.

"ತನಿಖೆಗೆ ಅಧಿಕಾರಿ ಬರುತ್ತಾರೆ" ಎಂದರು. "ನೀವು ನನ್ನ ಪಕ್ಕ ನಿಂತು ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿತು ಅಂತ ಹೇಳಿದರೆ ಸಾಕು. ಸುಳ್ಳೇನಲ್ಲವಲ್ಲ? ಸಂದೇಶ ಹೋಗಿದೆ, ಉತ್ತರ ಬಂದಿದೆ."

ನಾನು ಆಗಲಿ ಎಂದೆ. ಅವರಿಗೆ ಆಶ್ಚರ್ಯವಾಗಿರಬೇಕು.

ಆ ರಾತ್ರಿ ಕುಮಟೆಯಲ್ಲಿ ಅವ್ವಿಗೆ ಹೇಳಿದೆ, ಕೆಲಸ ಹೋದರೂ ಹೋದೀತು ಎಂದು. ಅವಳು ಬಸಳೆಯ ಕಟ್ಟಿಗೆ ಬಾಳೆನಾರು ಸುತ್ತುತ್ತಿದ್ದಳು. "ಹೋದ್ರೆ ಹೋಗ್ಲಿ. ಬುಟ್ಟಿ ಹೊರೂಕೆ ನಿಂಗೆ ಬತ್ತದಲ್ಲ?" ಎಂದಳು. ತಲೆ ಎತ್ತಿಯೂ ನೋಡಲಿಲ್ಲ.

ತನಿಖೆಯ ಅಧಿಕಾರಿ ವಯಸ್ಸಾದವರು, ಮಾತು ಕಡಿಮೆ. ಘಟಕ ಮತ್ತೆ ಶುರುವಾಗಿತ್ತು. ಹಾಲಿನ ಪಕ್ಕದಲ್ಲಿ ಗಾಜಿನ ಕಿಟಕಿಯಿರುವ ಮೇಲ್ವಿಚಾರಣೆಯ ಕೋಣೆಯಿದೆ, ಅಲ್ಲಿ ಕೂತೆವು. ಮ್ಯಾನೇಜರು ವ್ಯವಸ್ಥೆಯ ವಿವರ ಹೇಳಿದರು, ಪ್ರಶಸ್ತಿ ಪತ್ರ ತೋರಿಸಿದರು, ಆಮೇಲೆ ನನ್ನ ಕಡೆ ನೋಡಿದರು.

"ವ್ಯವಸ್ಥೆ ಹೇಗೆ ಕೆಲಸ ಮಾಡಬೇಕೋ ಹಾಗೆಯೇ ಕೆಲಸ ಮಾಡಿತು ಸರ್" ಎಂದೆ ಅಧಿಕಾರಿಗೆ. "ಬೇಕಾದರೆ ಈಗಲೇ ನೋಡಬಹುದು." ಮ್ಯಾನೇಜರರ ಕಡೆ ತಿರುಗಿದೆ. "ಸರ್, ನಿಮ್ಮ ಮೊಬೈಲಿನಿಂದ ಒಂದು ಅಭ್ಯಾಸ ಸಂದೇಶ ಕಳಿಸಿ."

ಮ್ಯಾನೇಜರರ ಮುಖದ ಬಣ್ಣ ಇಳಿದದ್ದನ್ನು ನಾನು ಜೀವಮಾನದಲ್ಲಿ ಮರೆಯುವುದಿಲ್ಲ. ಬೇಡ ಎನ್ನಲು ದಾರಿ ಇರಲಿಲ್ಲ. ಅಧಿಕಾರಿ ಕೈ ಚಾಚಿ ಅವರ ಮೊಬೈಲನ್ನು ಮೇಜಿನ ಮೇಲೆ ಇರಿಸಿಕೊಂಡರು. ಸಂದೇಶ ಹೋಯಿತು.

ಗಾಜಿನ ಆಚೆ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರ ಕೈಯೂ ಮೊಣಕೈಯವರೆಗೆ ಐಸು ಮತ್ತು ಸಿಗಡಿಯಲ್ಲಿ. ಯಾರೂ ತಲೆ ಎತ್ತಲಿಲ್ಲ. ಗಾಜಿನ ಈಚೆ, ಮೇಜಿನ ಮೇಲೆ, ಅವರ ಹೆಸರುಗಳು ಕೆಂಪಿನಿಂದ ಹಸಿರಿಗೆ ತಿರುಗತೊಡಗಿದವು. ಒಂದು, ಇನ್ನೊಂದು, ಆಮೇಲೆ ಒಟ್ಟೊಟ್ಟಿಗೆ. ಅಧಿಕಾರಿ ಒಮ್ಮೆ ಪರದೆ ನೋಡಿದರು, ಒಮ್ಮೆ ಗಾಜಿನ ಆಚೆ ನೋಡಿದರು. ಮತ್ತೆ ಪರದೆ. ಎದ್ದು ಬಾಗಿಲು ತೆರೆದು ಸಾಲಿನ ಮುಂದಾಳನ್ನು ಕರೆದರು.

"ನೀನು ಈಗಷ್ಟೇ ನಾನು ಸುರಕ್ಷಿತ ಅಂತ ಉತ್ತರ ಕೊಟ್ಟೆಯಾ?"

"ನಾನಾ?" ಅವಳು ತೊಟ್ಟಿಕ್ಕುವ ಎರಡೂ ಕೈ ಎತ್ತಿ ಹಿಡಿದಳು. "ಕೈ ಕಾಣ್ತಿಲ್ವಾ ಸಾಯ್ಬ್ರೆ? ನಮ್ಮತ್ತೆ ಒತ್ತಿರ್ಬೇಕು. ಪಾಪ, ಎಷ್ಟು ನಿಯತ್ತು ನೋಡಿ ಅದ್ಕೆ, ಕಂಪ್ನಿ ಮೇಲೆ."

ಹಾಲಿನಲ್ಲಿ ನಗು ಎದ್ದಿತು. ಅಧಿಕಾರಿ ನಗಲಿಲ್ಲ. ವಾಪಸು ಬಂದು ಕೂತರು. ಪರದೆಯಲ್ಲಿ ಎಲ್ಲ ಹಸಿರಾಗಿತ್ತು, ಒಂದು ಹೆಸರಿನ ಹೊರತು. ಅದೊಂದು ಮಾತ್ರ ಕೆಂಪಗೆ ಉಳಿದಿತ್ತು, ಎಷ್ಟು ಹೊತ್ತು ಕಾದರೂ ಬದಲಾಗಲಿಲ್ಲ.

"ಇದು ಯಾರು ಉತ್ತರ ಕೊಡದವರು?" ಎಂದು ಮ್ಯಾನೇಜರು ಅಭ್ಯಾಸಬಲದಿಂದ ಗದರಿಯೇಬಿಟ್ಟರು. ಹೆಸರು ಓದಿದ ಮೇಲೆ ಬಾಯಿ ಮುಚ್ಚಿದರು.

ಕುರ್ವೆಯಣ್ಣನ ಹೆಸರು. ಇನ್ನೊಂದು ಜಿಲ್ಲೆಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಅವರ ಹೆಂಡತಿ ಆ ಸಂದೇಶ ನೋಡಿಯೂ ಒತ್ತಿರಲಿಲ್ಲ. ಅಷ್ಟು ಹೆಸರುಗಳಲ್ಲಿ ನಿಜ ಹೇಳಿದ್ದು ಅದೊಂದೇ.

ಅಧಿಕಾರಿಯ ವರದಿಯಲ್ಲಿ ಗಂಡನ ತಪ್ಪೂ ಇರಲಿಲ್ಲ, ಹೆಂಡತಿಯದೂ ಇರಲಿಲ್ಲ. ಸೈರನ್ನು ಮರುಜೋಡಿಸಬೇಕು, ಧಕ್ಕೆಯ ಬಾಗಿಲಿಗೆ ಒಳಗಿನಿಂದ ತೆರೆಯುವ ಅಗುಳಿ ಬೇಕು, ಒಳಗಿರುವವರ ಮೈಗೆ ತಾಗುವ ಎಚ್ಚರಿಕೆ ಬೇಕು ಎಂದು ಬರೆದಿದ್ದರು.

ಪೇಜರು ಹುಡುಕಿಕೊಂಡು ಭಟ್ಕಳಕ್ಕೆ ಹೋದೆ. ಅಲ್ಲಿ ಕೊಲ್ಲಿ ದೇಶದ ಆಸ್ಪತ್ರೆ, ತೈಲ ಶುದ್ಧೀಕರಣ ಘಟಕಗಳಲ್ಲಿ ಪೇಜರು ವ್ಯವಸ್ಥೆ ನೋಡಿಕೊಂಡಿದ್ದು ಊರಿಗೆ ಮರಳಿದ ತಂತ್ರಜ್ಞರೊಬ್ಬರಿದ್ದರು. ಪರವಾನಗಿ ಬೇಡದ ಕಡಿಮೆ ಶಕ್ತಿಯ ಯಂತ್ರ ತಂದು ಛಾವಣಿಯ ಮೇಲೆ ಕೂರಿಸಿದರು. ಹಾಲಿನಲ್ಲಿ ಪ್ರತಿ ಪೇಜರೂ ನಡುಗಿತು. ಶೀತಲ ಕೋಣೆಯೊಳಗಿನದು ಮಾತ್ರ ಬಾಗಿಲು ಹಾಕಿದ ಕೂಡಲೇ ಸತ್ತಿತು.

"ದೇಖೋ ಬೆಹನ್, ಇದು ಕೋಣೆ ಅಲ್ಲ, ತಿಜೋರಿ" ಎಂದರು. "ಸುತ್ತ ಉಕ್ಕಿನ ತಗಡು. ತರಂಗ ಒಳಗೆ ಹೋಗೋದೇ ಇಲ್ಲ." ಗೋಡೆ ಕೊರೆದು ಒಳಗೊಂದು ಆಂಟೆನಾ ಎಳೆದೆವು. ಆಮೇಲೆ ಚಳಿಗೆ ಬ್ಯಾಟರಿ ಕೈಕೊಟ್ಟಿತು. ಲಿಥಿಯಂ ಬ್ಯಾಟರಿ ಹಾಕಿ, ಪೇಜರನ್ನು ಕೋಟಿನ ಒಳಗೆ ಮೈಗೆ ತಾಗುವ ಹಾಗೆ ಕಟ್ಟುವ ಪಟ್ಟಿ ಹೊಲಿಸಿದೆವು.

ಕೊನೆಗೆ ಅವರು ಕೇಳಿದರು, "ಉತ್ತರ ಕೊಡುವ ಗುಂಡಿ ಇರುವ ಮಾಡೆಲ್ಲೂ ಇದೆ. ನಾನು ಸುರಕ್ಷಿತ ಅಂತ ಒತ್ತಬಹುದು. ಅದು ಹಾಕೋಣವಾ?"

"ಬೇಡವೇ ಬೇಡ" ಎಂದೆ. ನನ್ನ ದನಿ ಕೇಳಿ ಅವರು ಒಂದು ಹೆಜ್ಜೆ ಹಿಂದೆ ಸರಿದರು.

ಈಗ ನಮ್ಮಲ್ಲಿ ನಿಯಮ ಇಷ್ಟೇ. ಗೇಟಿನ ಬಳಿ ಒಂದು, ಧಕ್ಕೆಯ ಬಳಿ ಒಂದು, ಎರಡು ಹಲಗೆ. ಹಲಗೆಯಲ್ಲಿ ಅವತ್ತು ಕೆಲಸಕ್ಕೆ ಬಂದ ಪ್ರತಿಯೊಬ್ಬರಿಗೂ ಒಂದು ಮೊಳೆ. ಪೇಜರು ಒಂದು ಸಲ ನಡುಗಿದರೆ ಗೇಟಿಗೆ, ಬಿಡದೆ ನಡುಗಿದರೆ ಧಕ್ಕೆಗೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ. ಬಂದವರು ತಮ್ಮ ಪೇಜರನ್ನು ತಾವೇ ಮೊಳೆಗೆ ತೂಗುಹಾಕಬೇಕು, ಬೇರೆಯವರದ್ದನ್ನು ಮುಟ್ಟುವ ಹಾಗಿಲ್ಲ. ಎರಡೂ ಹಲಗೆಯಲ್ಲಿ ಒಬ್ಬರ ಮೊಳೆ ಖಾಲಿ ಇದ್ದರೆ ಆ ಮನುಷ್ಯ ಒಳಗಿದ್ದಾನೆ ಎಂದೇ ಅರ್ಥ, ನಾವು ಒಳಗೆ ಹೋಗುತ್ತೇವೆ.

ಮ್ಯಾನೇಜರು ಇನ್ನೂ ಅದೇ ಕುರ್ಚಿಯಲ್ಲಿದ್ದಾರೆ. ಪ್ರಶಸ್ತಿ ಪತ್ರವೂ ಹಿಂದೆ ತೂಗುತ್ತಿದೆ. ಹೊರಗಿನವರು ಬಂದರೆ ಪೇಜರು ತೋರಿಸಿ "ನಮ್ಮ ಹೊಸ ಪ್ರಯೋಗ" ಎನ್ನುತ್ತಾರೆ. ಆಗೆಲ್ಲ ನಾನು ಎದ್ದು ಹಲಗೆಗಳನ್ನು ನೋಡಿ ಬರುತ್ತೇನೆ. ಅಲ್ಲೇ ಕೂತರೆ ಏನಾದರೂ ಹೇಳಿಬಿಡುತ್ತೇನೆ ಎಂಬ ಹೆದರಿಕೆ.

ಕುರ್ವೆಯಣ್ಣ ಮತ್ತೆ ಕೆಲಸಕ್ಕೆ ಬಂದ ದಿನ ಹೆಂಡತಿಯೂ ಗೇಟಿನವರೆಗೆ ಬಂದಿದ್ದರು. ಅಣ್ಣನಿಗೀಗ ಹಲಗೆ ನೋಡಿಕೊಳ್ಳುವ ಕೆಲಸ, ಶೀತಲ ಕೋಣೆಗೆ ಕಳಿಸುವುದಿಲ್ಲ. ಅವರ ಪೇಜರನ್ನು ನಾನು ಹೆಂಡತಿಯ ಅಂಗೈಯಲ್ಲಿಟ್ಟು ಒಂದು ಸಂದೇಶ ಬಿಟ್ಟೆ. ಅದು ನಡುಗಿದ ಕೂಡಲೇ ಅವರ ಹೆಬ್ಬೆರಳು ತಾನಾಗಿಯೇ ಅದರ ಮೇಲೆ ಓಡಾಡಿತು. ಮೇಲೆ, ಕೆಳಗೆ, ಬದಿಗೆ. ತಿರುಗಿಸಿ ಬೆನ್ನನ್ನೂ ನೋಡಿದರು.

"ಒಂದು ಎಲ್ಲಿ ಅದೆ, ಇದ್ರಾಗೆ?"

"ಇಲ್ಲ. ಒತ್ತೂಕೆ ಎಂತದೂ ಇಲ್ಲ."

ಅವರು ಅದು ನಿಲ್ಲುವವರೆಗೆ ಕೈಯಲ್ಲೇ ಹಿಡಿದಿದ್ದರು. ಆಮೇಲೆ ಗಂಡನ ಸೊಂಟದ ಪಟ್ಟಿಗೆ ತಾವೇ ಸಿಕ್ಕಿಸಿ, ಭದ್ರವಾಗಿದೆಯೋ ಎಂದು ಒಮ್ಮೆ ಎಳೆದು ನೋಡಿದರು.

"ಆತು" ಎಂದರು. ಬುಟ್ಟಿ ಎತ್ತಿಕೊಂಡು ಪೇಟೆಯ ಕಡೆ ನಡೆದರು.